ನಿಂದರೋ ಆಟ

ನಮ್ಮ ಮನೆಯವರು ಒಂದು ದಿನವೂ ಪೊಲೀಸ್ ನೌಕರಿ ಮಾಡಿದವರಲ್ಲ. ಗಜೇಂದ್ರಗಡದಲ್ಲಿ ಸೀರೆ ನೇಯುವ ಮನೆತನ ಅವರದು. ಪೊಲೀಸರ ಕೈಯಲ್ಲಿ ಏಟು ತಿಂದು ಜೈಲಿಗೆ ಹೋಗಿ ಬಂದವರು. ಆದರೂ ಐವತ್ತರ ದಶಕ ಮುಗಿಯುವ ಹೊತ್ತಿಗೆ ಊರಿನ ಅರ್ಧ ಜನ ಅವರನ್ನು ಪೊಲೀಸ ಎಂದೇ ಕರೆಯುತ್ತಿದ್ದರು. ಮೊದಮೊದಲು ಚೇಷ್ಟೆಗೆ ಕರೆದರು. ಆಮೇಲೆ ಚೇಷ್ಟೆ ಹೋಯಿತು, ಹೆಸರು ಉಳಿಯಿತು. ಅದು ಹೇಗಾಯಿತು ಎಂದು ಬಲ್ಲವರು ಈಗ ಹೆಚ್ಚು ಜನ ಉಳಿದಿಲ್ಲ. ನಾನು ಕಂಡಷ್ಟನ್ನು ಬರೆಯುತ್ತೇನೆ.

ನನ್ನ ತವರು ರೋಣ. ಅಪ್ಪ ಅಲ್ಲಿ ಕನ್ನಡ ಸಾಲಿಯ ಮಾಸ್ತರರಾಗಿದ್ದರು. ಅದರಿಂದಾಗಿ ನಮ್ಮ ಓಣಿಯ ಬೇರೆ ಹುಡುಗಿಯರಿಗಿಂತ ನಾನು ನಾಲ್ಕಕ್ಷರ ಹೆಚ್ಚು ಕಲಿತೆ. ಲಗ್ನವಾಗಿ ಗಜೇಂದ್ರಗಡಕ್ಕೆ ಬಂದ ಮೇಲೆ ಆ ಅಕ್ಷರಗಳಿಗೆ ಕೆಲಸವಿರಲಿಲ್ಲ, ಕೈಗಳಿಗೆ ಬೇಕಾದಷ್ಟಿತ್ತು. ನಡುಮನೆಯ ತುಂಬ ಕುಣಿಮಗ್ಗ. ಬೆಳಗಾಯಿತೆಂದರೆ ಅವರು ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯಲು ಕೂಡುತ್ತಿದ್ದರು. ನಾನು ಬದಿಯಲ್ಲಿ ರಾಟಿ ಇಟ್ಟುಕೊಂಡು ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದೆ. ಲಗ್ನಕ್ಕೆ ಮುಂಚೆ ಅವರು ಒಂದು ನಾಟಕ ಕಂಪನಿಯ ಜೊತೆ ಕೆಲವು ಕಾಲ ಊರೂರು ತಿರುಗಿದ್ದರು. ನೇಯುವಾಗ ಒಮ್ಮೊಮ್ಮೆ ರಾಜನ ದನಿಯಲ್ಲಿ ನನ್ನಿಂದ ನೀರು ಕೇಳುತ್ತಿದ್ದರು, ಒಮ್ಮೊಮ್ಮೆ ರಾಣಿಯ ದನಿಯಲ್ಲಿ. ಅತ್ತೆ ಬೈಯುತ್ತಿದ್ದರು. ನಾನು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ.

ನಲವತ್ತೆರಡರ ಚಳವಳಿ ನಮ್ಮೂರಿಗೂ ಬಂತು. ನನ್ನ ಲಗ್ನವಾಗಿ ಆಗ ಇನ್ನೂ ಹೆಚ್ಚು ದಿನಗಳಾಗಿರಲಿಲ್ಲ. ಒಂದು ಮುಂಜಾನೆ ಇವರು ಮತ್ತು ಹಿಂದಿನ ಮನೆಯ ಗೆಳೆಯ, ಇನ್ನೂ ಹಲವರು ನಿಶಾನೆ ಹಿಡಿದು ಚಾವಡಿಗೆ ಹೊರಟರು. ಆ ಗೆಳೆಯನೂ ನೇಕಾರನೇ. ಇಬ್ಬರೂ ಕೂಡಿ ಆಡಿ ಬೆಳೆದವರು, ಮಗ್ಗಕ್ಕೆ ಹಾಸಿನ ನೂಲು ಹೂಡುವಾಗ ಒಬ್ಬರಿಗೊಬ್ಬರು ಆಗುತ್ತಿದ್ದರು. ಚಾವಡಿಯ ಮುಂದೆ ಪೊಲೀಸರು ಲಾಠಿ ಬೀಸಿದರು. ಗೆಳೆಯನ ತಲೆಗೆ ಏಟು ಬಿತ್ತು. ಇವರ ಮೈಮೇಲೆಯೇ ಕುಸಿದು ಬಿದ್ದ. ಇವರನ್ನು ಅಲ್ಲಿಂದಲೇ ಎಳೆದುಕೊಂಡು ಹೋದರು. ಅವನು ಸಂಜೆಯೊಳಗೆ ತೀರಿಕೊಂಡ.

ಅವನಿಗೆ ತಾಯಿ ಒಬ್ಬಳೇ. ಓಣಿಯವರೆಲ್ಲ ಅವಳನ್ನು ಆಯಿ ಎನ್ನುತ್ತಿದ್ದೆವು. ಆ ದಿನ ಅವಳು ಊರಲ್ಲಿರಲಿಲ್ಲ, ಕಳೆ ತೆಗೆಯಲು ರಾಜೂರಿನ ಹೊಲಕ್ಕೆ ಹೋಗಿದ್ದಳು. ಸುದ್ದಿ ಮುಟ್ಟಿ ಅವಳು ಬರುವ ಹೊತ್ತಿಗೆ ಮಗನ ಮೈಗೆ ಬಟ್ಟೆ ಸುತ್ತಿ ಆಗಿತ್ತು. ಮುಖವೊಂದನ್ನು ತೋರಿಸಿದರು. ಏನಾಯಿತು, ಹೇಗಾಯಿತು ಎಂದು ಅವಳು ಯಾರನ್ನೂ ಕೇಳಲಿಲ್ಲ. ಇವರು ಜೈಲಿನಿಂದ ಬಂದಾಗಲೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಬಂದ ಮರುದಿನವೇ ಅವಳ ಕೊಡ ಹೊತ್ತು ಬಾವಿಯಿಂದ ನೀರು ತಂದರು. ಅಂದಿನಿಂದ ಅವಳ ಮನೆಯ ಜೋಳ ಬೀಸಿಸಿ ತರುವುದು, ಮಾಳಿಗೆಗೆ ಮಣ್ಣು ಹಾಕುವುದು ಎಲ್ಲ ಇವರದೇ ಕೆಲಸವಾಯಿತು. ಮಜ್ಜಿಗೆಗೆಂದು ಅವಳು ದಿನವೂ ನಮ್ಮ ಮನೆಗೆ ಬರುತ್ತಿದ್ದಳು.

ಸ್ವಾತಂತ್ರ್ಯ ಬಂತು. ನಾವು ಮಾತ್ರ ಮುಂಬಯಿ ಪ್ರಾಂತದಲ್ಲೇ ಉಳಿದೆವು. ಕನ್ನಡ ಆಡುವವರೆಲ್ಲ ಒಂದೇ ರಾಜ್ಯದಲ್ಲಿ ಇರಬೇಕೆಂಬ ಕೂಗು ದೊಡ್ಡದಾಯಿತು. ಏಕೀಕರಣದ ಸಭೆಗಳು ಎಲ್ಲ ಊರುಗಳಲ್ಲೂ ನಡೆದವು. ಧಾರವಾಡ, ಹುಬ್ಬಳ್ಳಿ ಕಡೆಯಿಂದ ದೊಡ್ಡವರು ಬಂದು ಭಾಷಣ ಮಾಡುತ್ತಿದ್ದರು. ಇವರೂ ಹೋಗುತ್ತಿದ್ದರು. ಒಮ್ಮೆ ರೋಣದ ಸಭೆಯಿಂದ ಬಂದವರು ಊಟಕ್ಕೆ ಕೂತು ರೊಟ್ಟಿ ಮುರಿದು ಹಾಗೆಯೇ ಇಟ್ಟರು. ಭಾಷಣ ಚೆನ್ನಾಗಿತ್ತು, ಜನ ಚಪ್ಪಾಳೆ ತಟ್ಟಿ ಎದ್ದು ಹೋದರು ಅಂದರು. ಕೂತ ಜನ ಕೂತೇ ಇರುತ್ತಾರೆ. ನಲವತ್ತೆರಡರಲ್ಲಿ ಬಂದವರು ಯಾರೂ ಕೂತಿರಲಿಲ್ಲ, ಅದನ್ನೆಲ್ಲ ಎಷ್ಟು ಬೇಗ ಮರೆತರು ನೋಡು ಅಂದರು. ಮರೆವಿನ ಆ ಅಂಜಿಕೆ ಅವರನ್ನು ಬಿಡಲಿಲ್ಲ.

ಕೆಲವು ದಿನಗಳ ಮೇಲೆ ಒಂದು ಆಟ ಮಾಡುತ್ತೇನೆ ಎಂದರು. ನಾನು ಬಯಲಾಟವೆಂದು ತಿಳಿದೆ. ಅದಕ್ಕೆ ಅಟ್ಟವಿರಲಿಲ್ಲ, ಪರದೆ ಇರಲಿಲ್ಲ, ಬಣ್ಣ ಇರಲಿಲ್ಲ. ಸಂತೆಯ ದಿನ ಬಯಲಿಗೆ ಹೋಗಿ ಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದರು. ಇದು ಚಾವಡಿ, ಇದು ಬಾವಿ, ಇದು ಮೆರವಣಿಗೆ ಬಂದ ದಾರಿ, ಇದು ಪೊಲೀಸರು ನಿಂತಿದ್ದ ಜಾಗ. ಒಂದು ಬದಿಗೆ ದೊಡ್ಡದೊಂದು ಚೌಕ ಎಳೆದು, ಅದು ಮನೆ ಅಂದರು. ಜನ ಕೂಡಿದರು. ಆಗ ಇವರು ಕಂಪನಿಯಲ್ಲಿ ಕಲಿತ ದನಿ ತೆಗೆದು ಕೂಗಿದರು:

"ಅವತ್ತ ನೀವು ಎಲ್ಲಿ ನಿಂತಿದ್ರೋ ಇವತ್ತ ಅಲ್ಲೇ ಬಂದು ನಿಂದರ್ರಿ. ಮನ್ಯಾಗ ಇದ್ದವರು ಈ ಮನಿಯೊಳಗ ನಿಂದರ್ರಿ. ಅದರಾಗ ನಾಚಿಕಿ ಏನಿಲ್ಲ. ಇದ್ದದ್ದು ಇದ್ದಂಗ ಆಗಬೇಕು, ಅಷ್ಟ."

ಮುಂದೆ ನಿಂತಿದ್ದವರು ಹಿಂದೆ ಸರಿದರು. ಆಮೇಲೆ ಎಣ್ಣೆ ಗಾಣದ ಮುದುಕನೊಬ್ಬ ಎದ್ದು ಹೋಗಿ ಮನೆಯ ಚೌಕದಲ್ಲಿ ನಿಂತ. ಅವತ್ತು ಬಾಗಿಲು ಹಾಕಿಕೊಂಡು ಒಳಗಿದ್ದೆ ಎಂದ. ಅವನ ಹಿಂದೆ ಒಬ್ಬೊಬ್ಬರಾಗಿ ಬಂದರು. ಬಹಳ ಮಂದಿ ಮನೆಯ ಚೌಕಕ್ಕೇ ಹೋದರು. ಮೆರವಣಿಗೆಯ ದಾರಿಯಲ್ಲಿ ನಿಂತವರು ಕೆಲವೇ ಜನ. ಸತ್ತ ಗೆಳೆಯನ ಜಾಗದಲ್ಲಿ ಅವನ ದಾಯಾದಿಯೊಬ್ಬ ನಿಂತ. ಆಯಿ ನನ್ನ ಪಕ್ಕದಲ್ಲಿ ಹೆಂಗಸರ ನಡುವೆ ಕೂತಿದ್ದಳು. ಅವಳು ಎದ್ದು ಗೆರೆಗಳ ನಡುವೆ ಆ ಜಾಗದವರೆಗೆ ನಡೆದು ಹೋದಳು. ಯಾರೂ ಅವಳನ್ನು ಕರೆದಿರಲಿಲ್ಲ. ಇಲ್ಲೇ ಏನು ಎಂದು ಇವರನ್ನು ಕೇಳಿದಳು. ಇಲ್ಲೇ ಯವ್ವಾ, ಅಂದರು ಇವರು. ಅವಳು ಅಲ್ಲಿಂದ ಎರಡು ಮಾರು ದೂರದಲ್ಲಿ ನೆಲದ ಮೇಲೆ ಕೂತಳು.

ಪೊಲೀಸರ ಜಾಗ ಖಾಲಿ ಇತ್ತು. ಪೊಲೀಸರು ಬರ್ರಿ ಎಂದು ಇವರು ಕರೆದರು. ಜನ ನಕ್ಕರು. ಮತ್ತೆ ಕರೆದರು. ಆಗಿನ ಪೊಲೀಸರಲ್ಲಿ ಕೆಲವರು ಪಿಂಚಣಿ ತೆಗೆದುಕೊಂಡು ಅಲ್ಲೇ ಸುತ್ತಲಿನ ಊರುಗಳಲ್ಲಿದ್ದರು, ಅವರಾರೂ ಬಂದಿರಲಿಲ್ಲ. ಬೇರೆ ಯಾರನ್ನು ಕೇಳಿದರೂ ಕೈ ಆಡಿಸಿದರು. ನಿಂತವರಿಗೆ ಬಿಸಿಲು ತಾಗತೊಡಗಿತ್ತು. ಕಡೆಗೆ ಇವರು ಯಾರದೋ ಚೀಲದಿಂದ ಖಾಕಿ ಬಟ್ಟೆಯ ತುಂಡು ಇಸಿದುಕೊಂಡು ತಲೆಗೆ ಸುತ್ತಿದರು. ಬಂಡಿಯೊಂದರಿಂದ ಜೋಳದ ದಂಟು ಎಳೆದುಕೊಂಡರು. ಪೊಲೀಸರ ಜಾಗದಲ್ಲಿ ಹೋಗಿ ನಿಂತರು.

ಇವರ ಮೈಯೇ ಬೇರೆಯಾದದ್ದನ್ನು ನಾನು ಕಂಡೆ. ಎದೆ ಮುಂದೆ ಬಂತು, ಕುತ್ತಿಗೆ ಗಿಡ್ಡವಾಯಿತು. ಅವರ ಆ ಮುಖ ನಾನು ಎಂದೂ ಕಂಡದ್ದಲ್ಲ. ಮೆರವಣಿಗೆ ಮುಂದೆ ಬಂತು. ಇವರು ಬೈಯುತ್ತ ದಂಟು ಬೀಸಿದರು. ದಂಟಿನ ಏಟಿಗೆ ಸಪ್ಪಳ ಹೆಚ್ಚು, ನೋವಿಲ್ಲ. ದಾಯಾದಿ ಬಿದ್ದ. ಬಿದ್ದವನ ಮೇಲೂ ಇವರು ಹೊಡೆದರು, ಏಕೆಂದರೆ ಅವತ್ತು ಹಾಗೆಯೇ ಆಗಿತ್ತು.

ಆಮೇಲೆ ರುಮಾಲು ಬಿಚ್ಚಿ ಕೆಳಗಿಟ್ಟು, ಏದುಸಿರು ಬಿಡುತ್ತ ಮೆರವಣಿಗೆಯವರನ್ನು ಕೇಳಿದರು: ಅವತ್ತು ಯಾತಕ್ಕೆ ಬಂದಿದ್ದಿರಿ? ಬೇಡಿ ಬಂದದ್ದು ಸಿಕ್ಕಿತೇ? ಒಬ್ಬೊಬ್ಬರೂ ತಮ್ಮ ಮಾತಿನಲ್ಲಿ ಹೇಳಿದರು. ಕಚೇರಿಯಿಂದ ಬರುವ ಕಾಗದ ಇನ್ನೂ ಕನ್ನಡದಲ್ಲಿಲ್ಲ, ಅದನ್ನು ಓದಿಸಲು ಇನ್ನೊಬ್ಬರ ಕಾಲು ಹಿಡಿಯಬೇಕೆಂದು ಒಬ್ಬ ಹೇಳಿದ. ಕೊನೆಗೆ ಮನೆಯ ಚೌಕದ ಕಡೆ ತಿರುಗಿ, ಈ ಸಲ ಎಲ್ಲಿ ನಿಲ್ಲುತ್ತೀರಿ ಎಂದರು. ಗಾಣದ ಮುದುಕ ಸುಣ್ಣದ ಗೆರೆ ದಾಟಿ ಹೊರಗೆ ಬಂದ. ಅವನು ಅಳುತ್ತಿದ್ದ. ಎಲ್ಲರೂ ಬಂದರು. ಅಷ್ಟೂ ಜನ ಕೂಡಿ, ಕನ್ನಡ ನಾಡು ಒಂದಾಗಬೇಕೆಂದು ಕೂಗುತ್ತ ಊರು ಸುತ್ತಿದರು. ನಾನೂ ಸುತ್ತಿದೆ. ಸೊಸೆಯಾಗಿ ಬಂದ ಮೇಲೆ ಊರಿನ ದೊಡ್ಡ ಬೀದಿಯಲ್ಲಿ ತಲೆಯೆತ್ತಿ ನಡೆದದ್ದು ಅದೇ ಮೊದಲು. ಅಂಥ ದಿನ ಆಮೇಲೆ ಮತ್ತೆ ಬರಲಿಲ್ಲ.

ಸುದ್ದಿ ಹಬ್ಬಿತು. ನಿಂದರೋ ಆಟ ಎಂದು ಜನರೇ ಹೆಸರಿಟ್ಟರು. ಬೇರೆ ಊರುಗಳಿಂದ ಕರೆ ಬಂತು. ಇವರು ಆಯಾ ಊರಿಗೆ ಎರಡು ದಿನ ಮುಂಚೆ ಹೋಗಿ, ಕಟ್ಟೆಗಳ ಮೇಲೆ ಕೂತು, ಅಲ್ಲಿ ಏನಾಗಿತ್ತೆಂದು ಕೇಳಿ ತಿಳಿದು ಗೆರೆ ಎಳೆಯುತ್ತಿದ್ದರು. ರೋಣದಲ್ಲಿ ಆಡಿದಾಗ ನಾನೂ ಹೋಗಿದ್ದೆ. ಅಲ್ಲಿಯೂ ಪೊಲೀಸರ ಜಾಗಕ್ಕೆ ಯಾರೂ ಬರಲಿಲ್ಲ, ಇವರೇ ನಿಂತರು. ಇನ್ನೊಂದು ಮಾತೂ ಅಲ್ಲಿ ನನ್ನ ಗಮನಕ್ಕೆ ಬಂತು. ಮನೆಯ ಚೌಕದಲ್ಲಿ ಜನ ಕಡಿಮೆ ಇದ್ದರು. ನಲವತ್ತೆರಡರಲ್ಲಿ ಇವರು ಜೈಲಿನಲ್ಲಿದ್ದಾಗ ತವರಿಗೆ ಬಂದು, ಇಲ್ಲಿಯ ಮೆರವಣಿಗೆಯನ್ನು ಅಪ್ಪನ ಸಾಲಿಯ ಕಿಟಕಿಯಿಂದ ನೋಡಿದವಳು ನಾನು. ಅಷ್ಟು ದೊಡ್ಡ ಮೆರವಣಿಗೆ ರೋಣದಲ್ಲಿ ಬಂದೇ ಇರಲಿಲ್ಲ.

ಸಂಜೆ ಅಪ್ಪ ಇವರ ಎದುರು ಕೂತರು. ಮೊದಲು ಬಹಳ ಹೊಗಳಿದರು. ಆಮೇಲೆ ಅಳುಕುತ್ತ ಹೇಳಿದರು. "ಅಳಿಯಂದಿರ, ಒಂದ ಮಾತು. ಮಂದಿ ಕಿವಿಗಿಂತ ಕಣ್ಣು ನಂಬತಾರ್ರಿ. ಎಲ್ಲಾ ಕಡೆ ನೀವ ಹೊಡಿಯಾಂವ ಆಗಬ್ಯಾಡ್ರಿ."

ಇವರು ನಕ್ಕರು. ಕಂಪನಿಯಲ್ಲಿ ತಾವು ಸೀತೆಯಾಗಿದ್ದುದನ್ನೂ ಜನ ಕಂಡಿದ್ದಾರೆ, ಹಾಗೆಂದು ಯಾರೂ ತಮ್ಮನ್ನು ಹೆಂಗಸೆಂದು ತಿಳಿದಿಲ್ಲ ಅಂದರು. ಅಪ್ಪನೂ ನಕ್ಕರು.

ನರಗುಂದಕ್ಕೆ ನಾನು ಹೋಗಲಿಲ್ಲ, ಮಗಳಿಗೆ ಜ್ವರವಿತ್ತು. ಅಲ್ಲಿಯ ಜನರಿಗೆ ನಲವತ್ತೆರಡಕ್ಕಿಂತ ಅವರ ಗುಡ್ಡದ ಕೋಟೆಯ ಹಳೆಯ ಬಂಡಾಯದ ಮೇಲೆ ಹೆಚ್ಚು ಮಮತೆ. ಅದು ಅಜ್ಜ ಮುತ್ತಜ್ಜಂದಿರ ಕಾಲದ್ದು. ಅದನ್ನೇ ಆಡೋಣವೆಂದರಂತೆ. ಮೊಮ್ಮಕ್ಕಳು, ಮರಿಮಕ್ಕಳು ಬಂದು ತಮ್ಮ ಹಿರಿಯರು ನಿಂತರೆಂದು ಕೇಳಿದ ಜಾಗದಲ್ಲಿ ನಿಂತರಂತೆ. ಬಂಡಾಯ ಅಡಗಿಸಲು ಬಂದ ಇಂಗ್ಲಿಷ್ ಸಾಹೇಬನ ಕಡೆ ನಿಲ್ಲಲು ಒಬ್ಬರೂ ಇಲ್ಲ. ಆಗ ಸಾಹೇಬನಿಗೆ ನೆರವಾದವರೆಂದು ಊರವರು ಪಿಸುಮಾತಿನಲ್ಲಿ ತೋರಿಸುತ್ತಿದ್ದ ಒಂದು ಮನೆತನದವರು ಸದ್ದಿಲ್ಲದೆ ಎದ್ದು ಹೋದರಂತೆ. ಸಾಹೇಬನೂ ಇವರೇ ಆದರು. ಮರುದಿನ ಅಂಗಡಿಯಲ್ಲಿ ಎಲೆ ಅಡಿಕೆ ಕೇಳಿದರೆ, ನಿನ್ನೆಯ ಸಾಹೇಬಗ ಕೊಡೂದಿಲ್ಲ ಎಂದು ಅಂಗಡಿಯವನು ನಕ್ಕನಂತೆ. ಮನೆಗೆ ಬಂದು ಅದನ್ನು ಹೇಳಿ ಇವರೂ ನಕ್ಕರು. ನನಗೆ ನಗು ಬರಲಿಲ್ಲ.

ಕೊಣ್ಣೂರಿನಲ್ಲಿ ಆದದ್ದು ಬೇರೆ. ಬೇಸಿಗೆ, ಮಲಪ್ರಭೆಯಲ್ಲಿ ನೀರು ಇಳಿದು ಮರಳು ಎದ್ದಿತ್ತು. ಮರಳಿನಲ್ಲೇ ಗೆರೆ ಎಳೆದಿದ್ದರು. ಮೆರವಣಿಗೆಯಲ್ಲಿ ನಿಂತಿದ್ದ ಒಬ್ಬ ಒಕ್ಕಲಿಗನ ಅಣ್ಣ ನಲವತ್ತೆರಡರಲ್ಲಿ ಏಟು ತಿಂದು, ಹಾಸಿಗೆ ಹಿಡಿದು ಸತ್ತಿದ್ದ. ಇವರು ಬೈಯುತ್ತ ದಂಟು ಎತ್ತುತ್ತಿದ್ದಂತೆ ಆ ಮನುಷ್ಯ ಕೈಯಲ್ಲಿದ್ದ ಬಾರುಕೋಲಿನಿಂದ ಇವರಿಗೆ ಬಾರಿಸಿದ. ಒಂದಲ್ಲ, ಮೇಲಿಂದ ಮೇಲೆ. ಜನ ಆಟದ್ದೇ ಭಾಗವೆಂದು ತಿಳಿದು ಕೇಕೆ ಹಾಕಿದರು. ಇವರು ಬಿದ್ದ ಮೇಲೂ ಕೆಲವರು ಬಂದು ಒದ್ದರು. ಹೆಗಲಿನ ಎಲುಬು ಮುರಿಯಿತು, ಎಡಗಿವಿಯಿಂದ ರಕ್ತ ಬಂತು.

ಬಂಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಬಂದರು. ಹೊಡೆದ ಮನುಷ್ಯನೇ ಬಂಡಿ ಹೊಡೆದುಕೊಂಡು ಬಂದಿದ್ದ. ನಮ್ಮ ಪಡಸಾಲೆಯಲ್ಲಿ ಕೂತು ಹಣೆ ಬಡಿದುಕೊಂಡ, ತನಗೇನಾಯಿತೋ ಗೊತ್ತಾಗಲಿಲ್ಲ, ಅಣ್ಣನೇ ಕಣ್ಣ ಮುಂದೆ ಬಂದ ಎಂದ. ಇವರು ಮಲಗಿದಲ್ಲಿಂದಲೇ ಅವನಿಗೆ ಸಮಾಧಾನ ಹೇಳಿದರು. ಅವನು ಹೋದ ಮೇಲೆ ನಾನು ಅತ್ತುಬಿಟ್ಟೆ. ಇವರ ಕಣ್ಣಲ್ಲಿ ಮಾತ್ರ ಒಂದು ಬಗೆಯ ಹಿಗ್ಗು ಇತ್ತು. ಅಷ್ಟು ಖರೆ ಆಯಿತು ನೋಡು ಆಟ, ಅಂದರು. ಆ ಹಿಗ್ಗನ್ನು ಕಂಡು ನನಗೆ ಇನ್ನಷ್ಟು ಸಂಕಟವಾಯಿತು.

ಹೆಗಲು ಕೂಡಿಕೊಂಡಿತು, ಆದರೆ ಕೈ ಮೊದಲಿನಂತೆ ಏಳಲಿಲ್ಲ. ಎಡಗಿವಿ ಹೋಯಿತು. ಮಗ್ಗದ ಕುಣಿಗೆ ನಾನು ಇಳಿದೆ, ಅವರು ರಾಟಿಯ ಮುಂದೆ ಕೂತರು. ಅವರ ಬಲಗಿವಿಯ ಬದಿಗೆ ಬಂದು ಮಾತಾಡುವುದನ್ನು ಮಗಳೂ ಕಲಿತಳು. ಒಂದು ದಿನ ನಾನು ಆ ಬದಿಗೆ ಕೂತು ಹೇಳಿದೆ:

"ಮುಂದಿನ ಸಲ ನೀವು ನಿಮ್ಮ ಜಾಗದಾಗ ನಿಂದರ್ರಿ. ಅವತ್ತ ಎಲ್ಲಿ ಇದ್ರಿ, ಅಲ್ಲಿ. ಎಲ್ಲಾರಿಗೂ ಅದನ್ನ ಹೇಳತೀರಿ, ನಿಮಗ ಯಾಕ ಹೇಳಿಕೊಳ್ಳೂದಿಲ್ಲ?"

ಅವರು ಕೈಯಲ್ಲಿದ್ದ ಕಂಡಿಕೆ ಸುತ್ತಿ ಮುಗಿಸಿ ಬುಟ್ಟಿಗೆ ಹಾಕಿದರು. ಆಗಲಿ ಅಂದರು.

ಮಳೆಗಾಲ ಕಳೆದು ಮತ್ತೆ ನಮ್ಮೂರ ಸಂತೆಯಲ್ಲೇ ಆಟ ಇಟ್ಟರು. ಈ ಸಲ ಜನ ಬಹಳ ಸೇರಿದ್ದರು. ಇವರು ಕೂಗಿ ಕರೆದು, ತಾವು ಮೆರವಣಿಗೆಯ ಸಾಲಿನಲ್ಲಿ ಗೆಳೆಯನ ಜಾಗದ ಪಕ್ಕದಲ್ಲಿ ಹೋಗಿ ನಿಂತರು. ಮೆರವಣಿಗೆಯ ಸಾಲು ಬಾವಿಯ ಗೆರೆ ದಾಟಿ ಆಚೆಯವರೆಗೂ ಬೆಳೆದಿತ್ತು. ನಲವತ್ತೆರಡರಲ್ಲಿ ಪೊಲೀಸರಿಗೆ ಚಹ, ಅವಲಕ್ಕಿ ಕಳಿಸಿದ್ದ ಹತ್ತಿ ವ್ಯಾಪಾರಸ್ಥರು ಎಲ್ಲರಿಗಿಂತ ಮುಂದೆ ನಿಶಾನೆ ಹಿಡಿದು ನಿಂತಿದ್ದರು. ಮನೆಯ ಚೌಕದಲ್ಲಿ ಗಾಣದ ಮುದುಕನೊಬ್ಬನೇ. ಪೊಲೀಸರ ಜಾಗ ಖಾಲಿ.

ಎಲ್ಲರೂ ಕಾದರು. ಇವರು ಅಲುಗಲಿಲ್ಲ. ಬಿಸಿಲು ಏರಿತು. ಹಿಂದಿನಿಂದ ಒಬ್ಬರು ಯಾಕೆ ಸುರುವಾಗಲಿಲ್ಲ ಎಂದು ಕೇಳಿದರು. ಆಗ ಆ ವ್ಯಾಪಾರಸ್ಥರು ತಿರುಗಿ ಇವರನ್ನು ನೋಡಿ, ಜೋರಾಗಿ, ಆದರೆ ಸಿಟ್ಟಿಲ್ಲದೆ ಹೇಳಿದರು.

"ಪೊಲೀಸ ನಮ್ಮ ಸಾಲಿನ್ಯಾಗ ಯಾಕ ನಿಂತಾನ? ಅಲ್ಲಿ ಹೋಗಪಾ, ನಿನ್ನ ಜಾಗ ಅಲ್ಲೈತಿ."

ಜನ ನಕ್ಕರು. ಚಪ್ಪಾಳೆ ತಟ್ಟಿದರು. ಇವರ ಜೊತೆ ಜೈಲಿನಲ್ಲಿದ್ದವರು ಇಬ್ಬರು ಅಲ್ಲಿದ್ದರು. ಅವರೂ ನಗುತ್ತ, ಹೋಗೋ ಮಾರಾಯ, ಲಗೂ ಮುಗಿಸೋಣ ಎಂದರು. ನಾನು ಹೆಂಗಸರ ನಡುವೆ ಎದ್ದು ನಿಂತೆ. ಪೊಲೀಸರ ಜಾಗಕ್ಕೆ ನಾನೇ ಹೋದೆ. ಹೋಗಿ ತಲೆಗೆ ಸೆರಗು ಬಿಗಿದು ಜೋಳದ ದಂಟು ಎತ್ತಿಕೊಂಡೆ. ಬಯಲಿಗೆ ಬಯಲೇ ನಗೆಯಿಂದ ಸಿಡಿಯಿತು. ಶಿಳ್ಳೆ ಹಾಕಿದರು. ಅತ್ತೆ ಮುಖ ಮುಚ್ಚಿಕೊಂಡರು. ಇವರು ಸಾಲು ಬಿಟ್ಟು ಬಂದು, ನನ್ನ ಕೈಯಿಂದ ದಂಟು ಇಸಿದುಕೊಂಡು, ಮನೆಗೆ ಹೋಗು ಅಂದರು. ಪೊಲೀಸರ ಜಾಗದಲ್ಲಿ ನಿಂತರು. ಆಟ ಸುರುವಾಯಿತು. ಬೈಗುಳ ನನಗೆ ಓಣಿಯ ತಿರುವಿನವರೆಗೂ ಕೇಳುತ್ತಿತ್ತು.

ಆಮೇಲಿನ ವರ್ಷ ಮಗಳು ಸಾಲಿಯಿಂದ ಅಳುತ್ತ ಬಂದಳು. ನಿಮ್ಮಪ್ಪ ಆಯಿಯ ಮಗನನ್ನು ಹೊಡೆದು ಕೊಂದ ಎಂದು ಹುಡುಗಿಯರು ಅಂದರಂತೆ. ಇವರು ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಎಲ್ಲ ಹೇಳಿದರು. ಅವಳು ಕೇಳಿದಳು, ತಲೆ ಆಡಿಸಿದಳು. ಮುಗಿದ ಮೇಲೆ, ಹಾಗಾದರೆ ಯಾರು ಹೊಡೆದರು ಎಂದಳು. ಇವರಿಗೆ ಆ ಪೊಲೀಸನ ಹೆಸರು ಗೊತ್ತಿರಲಿಲ್ಲ. ಮುಖವೂ ನೆನಪಿರಲಿಲ್ಲ. ಬಿದ್ದ ಗೆಳೆಯನನ್ನು ಹಿಡಿದುಕೊಂಡಿದ್ದವರು ಮೇಲೆ ಯಾಕೆ ನೋಡುತ್ತಾರೆ?

ಆಯಿಗೆ ವಯಸ್ಸಾಗಿತ್ತು. ಮಾತು ಅತ್ತಿತ್ತ ಆಗತೊಡಗಿತ್ತು. ಒಲೆಯ ಮೇಲೆ ಖಾಲಿ ಗಡಿಗೆ ಇಟ್ಟು ಕೂಡುತ್ತಿದ್ದಳು, ಒಮ್ಮೊಮ್ಮೆ ನನ್ನನ್ನು ತನ್ನ ತಂಗಿ ಎಂದು ಕರೆಯುತ್ತಿದ್ದಳು. ಒಂದು ಮುಂಜಾನೆ ಎಂದಿನಂತೆ ಮಜ್ಜಿಗೆಗೆ ಬಂದಳು. ಇವರು ಪಾತ್ರೆ ತುಂಬಿ ಅವಳ ಮುಂದೆ ಹಿಡಿದರು. ಅವಳು ತೆಗೆದುಕೊಳ್ಳಲಿಲ್ಲ. ಇವರ ಮುಖವನ್ನೇ ನೋಡುತ್ತ ನಿಂತಳು. ಸಿಟ್ಟಿನ ಮಾತಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳಿದಂತೆ ಕೇಳಿದಳು.

"ನನ್ನ ಮಗನ್ನ ಯಾಕ ಹೊಡದ್ಯೋ ತಮ್ಮಾ? ಅಂವ ನಿನಗೇನ ಮಾಡಿದ್ದ?"

ಇವರು ಪಾತ್ರೆ ಕೆಳಗಿಟ್ಟರು. "ನಾ ಅಲ್ಲಬೇ. ನಾ ಅವನ ಬಾಜೂಕ ಇದ್ದೆ. ನನ್ನ ಮ್ಯಾಲೇ ಬಿದ್ದ ಅಂವ."

"ನಾ ಕಣ್ಣಾರೆ ನೋಡೀನಿ," ಅಂದಳು ಆಯಿ. "ತಲಿಗೆ ಖಾಕಿ ಸುತ್ತಿದ್ದಿ. ಅಂವ ಬಿದ್ದ ಮ್ಯಾಲೂ ಹೊಡದಿ. ನಾ ಅಲ್ಲೇ ಕುಂತಿದ್ದೆ."

ಖರೆ. ಅವಳು ನೋಡಿದ್ದಳು. ಮಗ ಸತ್ತ ದಿನ ಅವಳು ರಾಜೂರಿನ ಹೊಲದಲ್ಲಿದ್ದಳು; ಅವನ ಸಾವು ಹೇಗಿತ್ತೆಂದು ಅವಳ ಕಣ್ಣಿನಲ್ಲಿ ಇದ್ದುದು ಸಂತೆಯ ಬಯಲಿನ ಆ ಒಂದು ಆಟ ಮಾತ್ರ. ಆ ನೋಟದಲ್ಲಿ ಕೋಲು ಇವರ ಕೈಯಲ್ಲಿತ್ತು. ಇವರು ಅವಳ ಕಾಲ ಹತ್ತಿರ ಕೂತು, ಅದು ಆಟ, ಆಟ ಎಂದು ಹೇಳುತ್ತಲೇ ಇದ್ದರು. ಅವಳು ಸೆರಗು ಸರಿಪಡಿಸಿಕೊಂಡು ಹೊರಟು ಹೋದಳು. ಮಜ್ಜಿಗೆಗೆ ಮತ್ತೆ ಬರಲಿಲ್ಲ. ನಾನು ಒಯ್ದು ಕೊಟ್ಟರೆ ಕುಡಿಯುತ್ತಿದ್ದಳು. ಇವರು ನೀರು ತಂದಿಟ್ಟರೆ ಕೊಡವನ್ನು ಬಾಗಿಲ ಹೊರಗೆ ಚೆಲ್ಲುತ್ತಿದ್ದಳು. ಇವರು ಆಟ ನಿಲ್ಲಿಸಿದ್ದು ಆ ದಿನ. ಕರೆಯಲು ಬಂದವರಿಗೆ ಹೆಗಲಿನ ನೋವು ಎಂದರು.

ಐವತ್ತಾರರ ನವೆಂಬರಿನಲ್ಲಿ ರಾಜ್ಯ ಒಂದಾಯಿತು. ಮನೆಮನೆಗೆ ತೋರಣ ಕಟ್ಟಿದರು. ಸಾಲಿಯ ಬಯಲಿನಲ್ಲಿ ಸಮಾರಂಭ, ಊರಿನ ಹಳೆಯ ಹೋರಾಟಗಾರರಿಗೆ ಮಾಲೆ ಹಾಕುವುದೆಂದು ಗೊತ್ತಾಯಿತು. ವ್ಯಾಪಾರಸ್ಥರು, ದೊಡ್ಡ ಹೊಲಗಳ ಒಡೆಯರು ಕೂಡಿ ವ್ಯವಸ್ಥೆ ಮಾಡಿದರು. ಯಾರು ಯಾರು ಇದ್ದರೆಂದು ನೆನಪಿಸಿಕೊಳ್ಳುವಾಗ ಅವರ ಕಣ್ಣ ಮುಂದೆ ಬಂದದ್ದು ಸಂತೆಯ ಬಯಲಿನ ಸಾಲೇ ಇರಬೇಕು. ಅದರಲ್ಲಿ ಮುಂದೆ ನಿಂತವರೆಲ್ಲ ಮಾಲೆಗೆ ಬಂದರು. ಇವರ ಮನೆಗೆ ಬಂದವರು ಬೇರೆ ಮಾತು ತಂದಿದ್ದರು. ಸಮಾರಂಭದ ಕೊನೆಗೆ ನಿಂದರೋ ಆಟ ಇಡುತ್ತೇವೆ, ಪೊಲೀಸನ ಪಾರ್ಟು ನಿಮ್ಮ ಹಾಗೆ ಮತ್ತಾರೂ ಮಾಡುವುದಿಲ್ಲ ಅಂದರು. ಬಂದವರಲ್ಲಿ ಒಬ್ಬ ಹೊಸ ತಲೆಮಾರಿನವನು. ಅವನು ಇವರನ್ನು ನಯವಾಗಿಯೇ ಕೇಳಿದ: "ನೀವು ಆಗಿನ ಕಾಲಕ್ಕ ಖರೇನ ಪೊಲೀಸರಾಗ ಇದ್ರಂತಲ್ಲರಿ?"

ಇವರು ಕೈ ಏಳುವುದಿಲ್ಲವೆಂದು ತೋರಿಸಿದರು. ನಾನು ಬಾಗಿಲ ಮರೆಯಿಂದ ಹೊರಗೆ ಬಂದು, ಜೈಲಿಗೆ ಹೋಗಿದ್ದವರ ಮುಂದೆ ಎಂಥ ಮಾತಾಡುತ್ತೀರಿ ಎಂದೆ. ಬಂದವರು ಮುಖ ಮುಖ ನೋಡಿಕೊಂಡರು. ಹೌದೇನ್ರಿ, ನಮಗೆ ಗೊತ್ತಿಲ್ಲ, ಕೇಳಿ ನೋಡುತ್ತೇವೆ ಎಂದು ಎದ್ದರು. ಮತ್ತೆ ಬರಲಿಲ್ಲ. ಜೈಲಿನ ಕಾಗದಪತ್ರ ತೆಗೆಸಿ ತೋರಿಸಿ ಎಂದು ಅಪ್ಪ ರೋಣದಿಂದ ಹೇಳಿ ಕಳಿಸಿದರು. ನಮ್ಮ ಊರಿನಲ್ಲಿ ನಾನಿದ್ದೆ ಎನ್ನಲು ಕಾಗದ ತೋರಿಸಬೇಕೇ ಎಂದು ಇವರು ಅದನ್ನು ತರಿಸಲಿಲ್ಲ.

ಸಮಾರಂಭಕ್ಕೆ ಹೋಗುವುದು ಬೇಡವೆಂದೆ. ಆಯಿಗೂ ಮಾಲೆ ಹಾಕುತ್ತಾರಂತೆ, ನೋಡಿ ಬರುತ್ತೇನೆ ಅಂದರು. ನಾನೂ ಹೋದೆ. ಆಯಿಗೆ ಹೊಸ ಸೀರೆ ಉಡಿಸಿ, ಮೇಲೆ ಕುರ್ಚಿಯಲ್ಲಿ ಕೂಡಿಸಿದ್ದರು. ಮಾಲೆ ಹಾಕಿದಾಗ ಅವಳು ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅವಳ ಮಗನ ಹೆಸರಿನಲ್ಲಿ ಭಾಷಣ ಮಾಡಿದವರು ಆ ಹತ್ತಿ ವ್ಯಾಪಾರಸ್ಥರು. ತಮ್ಮ ತೋಳುಗಳಲ್ಲೇ ಅವನು ಪ್ರಾಣ ಬಿಟ್ಟ ಎಂದರು. ಹೇಳುವಾಗ ಹೆಗಲ ವಸ್ತ್ರದಿಂದ ಕಣ್ಣು ಒರೆಸಿಕೊಂಡರು. ಸುಳ್ಳು ಹೇಳುತ್ತಿದ್ದಾರೆಂದು ನನಗೆ ಅನಿಸಲಿಲ್ಲ. ಅಷ್ಟು ಹೊತ್ತಿಗೆ ಅವರೂ ಅದನ್ನು ನಂಬಿದ್ದರು. ಇವರು ಬೇವಿನ ಗಿಡದ ಕೆಳಗೆ, ಹಿಂದೆ ನಿಂತಿದ್ದರು. ಆಟವೂ ನಡೆಯಿತು. ಈ ಸಲ ಪೊಲೀಸರ ಜಾಗಕ್ಕೆ ಮಂದಿ ನಾ ಮುಂದೆ ತಾ ಮುಂದೆ ಎಂದು ಬಂದರು. ಖಾಕಿಗೆ ಈಗ ಅಂಜುವಂಥದೇನೂ ಇರಲಿಲ್ಲ, ಪೊಲೀಸರು ನಮ್ಮವರೇ ಆಗಿದ್ದರು. ಮನೆಯ ಚೌಕವನ್ನು ಎಳೆಯುವುದನ್ನೇ ಬಿಟ್ಟಿದ್ದರು.

ಇಳಿದು ಬರುವಾಗ ಆಯಿಯ ಕಣ್ಣಿಗೆ ಇವರು ಬಿದ್ದರು. ಅವಳು ಅಷ್ಟು ಜನರ ನಡುವೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಬೇರೆ ದಾರಿ ಹಿಡಿದಳು. ಸುತ್ತಲಿದ್ದವರು ಅದನ್ನು ಕಂಡರು.

ಅವಳು ಹೋದದ್ದು ಅದರ ಮುಂದಿನ ಬೇಸಿಗೆಯಲ್ಲಿ. ಕೊನೆಯ ವಾರ ನಾನು ಅವಳ ಹತ್ತಿರವೇ ಇದ್ದೆ. ಮಗ ಬಂದನೇ ಎಂದು ಕೇಳುತ್ತಿದ್ದಳು. ಒಮ್ಮೆ ಎಚ್ಚರವಾಗಿದ್ದಾಗ ಓಣಿಯ ಹಿರಿಯರನ್ನು ಕರೆಸಿ, ತನ್ನ ಹೆಣಕ್ಕೆ ಅವನು ಕೈ ಹಚ್ಚಬಾರದು ಎಂದಳು. ಅವನು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಗೆಳೆಯ ಸತ್ತ ದಿನದಿಂದ ಇವರ ಮನಸ್ಸಿನಲ್ಲಿ ಒಂದೇ ಇತ್ತು, ಅವನ ಬದಲಿಗೆ ಅವಳ ಮಣ್ಣು ತಾನು ಮಾಡಬೇಕೆಂದು. ಮುದುಕಿಯ ಮಾತು, ನೀವು ಬರ್ರಿ, ನಾವೇನೂ ಅನ್ನುವುದಿಲ್ಲ ಎಂದು ಹಿರಿಯರೊಬ್ಬರು ಕರೆದರು. ಇವರು ಒಪ್ಪಲಿಲ್ಲ. ಹೆಣದ ಹಿಂದೆ ದೂರದಲ್ಲಿ ನಡೆದು, ದಾರಿಯ ಆಚೆಯೇ ನಿಂತರು. ದಾಯಾದಿ ಹಿಡಿಮಣ್ಣು ಹಾಕಿದ. ಎಲ್ಲರೂ ತಿರುಗಿದ ಮೇಲೂ ಇವರು ಅಲ್ಲೇ ಇದ್ದರು. ಮಣ್ಣು ಮುಚ್ಚಿದ ಗುದ್ದಿನ ಹತ್ತಿರ ಹೋಗಲಿಲ್ಲವಂತೆ.

ಮೈ ತೊಳೆದುಕೊಂಡು ಬಂದು ಪಡಸಾಲೆಯಲ್ಲಿ ಕೂತರು. ನಾನು ಅವರ ಬಲಗಿವಿಯ ಬದಿಗೆ ಕೂತೆ.

"ಮಂದಿ ಮರೀತಾರಂತ ಅಂಜಿದ್ದೆ," ಅಂದರು. "ಮರೀಲಿಲ್ಲ ನೋಡು."

ಮಗ್ಗದ ಕೆಲಸ ನಡೆಯಿತು, ಊಟ ನಡೆಯಿತು. ಆದರೆ ಆಮೇಲೆ ಅವರು ರಾಜನ ದನಿಯಲ್ಲಾಗಲಿ ರಾಣಿಯ ದನಿಯಲ್ಲಾಗಲಿ ನೀರು ಕೇಳಲಿಲ್ಲ. ತಮ್ಮ ದನಿಯಲ್ಲೂ ಕೇಳುವುದು ಕಡಿಮೆಯಾಯಿತು. ತಾವೇ ಎದ್ದು ಹೋಗಿ ಕುಡಿಯುತ್ತಿದ್ದರು. ಅದೇ ವರ್ಷ ಮಗಳನ್ನು ಓದಲು ರೋಣಕ್ಕೆ, ನನ್ನ ಅಪ್ಪನ ಮನೆಗೆ ಕಳಿಸಿದೆವು. ಅಲ್ಲಿ ಹೊಸ ಸಾಲಿಯಲ್ಲಿ ಯಾರ ಮಗಳು ನೀನು ಎಂದು ಕೇಳಿದರೆ ಅವಳು ಮಾಸ್ತರರ ಮೊಮ್ಮಗಳು ಎಂದಷ್ಟೇ ಹೇಳುತ್ತಿದ್ದಳಂತೆ. ಅಪ್ಪ ನನಗೆ ಅದನ್ನು ಹೇಳಿದಾಗ ಇವರು ಪಕ್ಕದಲ್ಲೇ ಕಂಡಿಕೆ ಸುತ್ತುತ್ತಿದ್ದರು. ಎಡಗಿವಿಯ ಬದಿಗೆ ಇದ್ದೆವು. ಕೇಳಿಸಿತೋ ಇಲ್ಲವೋ, ನಾನು ವಿಚಾರಿಸಲಿಲ್ಲ.